ಘೋಣಸಗಿಯಲ್ಲೇ ಸೀತನಿ ಎಂದ ರಾಚವ್ವ

ರಾಚವ್ವ ತೀರಿಕೊಂಡು ಇಂದಿಗೆ ಇಪ್ಪತ್ತೊಂದು ದಿನ. ಅವಳ ಬಗ್ಗೆ ಏನಾದರೂ ಬರೆಯಿರಿ ಎಂದು ಘೋಣಸಗಿಯ ನೇಕಾರರು ಕೇಳಿದರು. “ಭಾಳ ಒಳ್ಳೆಯಾಕಿ ಇದ್ದಳು ಅಂತ ಬರೀಬ್ಯಾಡ್ರಿ ಅಕ್ಕೋರ, ಎದ್ದು ಬಂದು ಬೈತಾಳ” ಎಂದ ಅವಳ ಗಂಡ ಧೂಳಪ್ಪ.

ಬರೆಯುವುದಿಲ್ಲ. ಅವಳು ಹಟಮಾರಿ. ನಾನು ಹತ್ತಿರದ ತಿಕೋಟಾದ ಶಾಲೆಗೆ ಕಲಿಸಲು ಬಂದಾಗಿನಿಂದ ಹದಿನಾಲ್ಕು ವರ್ಷ ನಮ್ಮ ಸ್ನೇಹ. ಒಂದು ಸಲವೂ ಅವಳು ವಾದದಲ್ಲಿ ಸೋತದ್ದನ್ನು ಕಾಣಲಿಲ್ಲ.

ಅವರದು ಕುರಿ ಸಾಕುವ ಮನೆತನ. ರಸ್ತೆಗೆ ಹತ್ತಿದ ಹೊಲ, ಮನೆಯಲ್ಲಿ ಕಂಬಳಿಯ ಮಗ್ಗ. ಗಿರಣಿಯ ಚಾದರ ಸಂತೆಗೆ ಬಂದ ಮೇಲೆ ಕಂಬಳಿ ಕೇಳುವವರಿಲ್ಲದೆ ಊರಿನ ಹನ್ನೊಂದು ಮಗ್ಗಗಳಲ್ಲಿ ಏಳು ನಿಂತುಹೋಗಿದ್ದವು.

ಎಪ್ಪತ್ತೈದರ ಎಳ್ಳಮಾವಾಸ್ಯೆಗೆ ಮುಂಚಿನ ವಾರ, ಗೋಳಗುಮ್ಮಟ ನೋಡಿಕೊಂಡು ಹೊರಟ ಪ್ರವಾಸಿಗಳ ಬಸ್ಸೊಂದು ಅವಳ ಹೊಲದೆದುರು ಕೆಟ್ಟು ನಿಂತಿತು. ಹೊಲದಲ್ಲಿ ಸೀತನಿ ನಡೆದಿತ್ತು. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಕಂಬಳಿಯ ಮಡಿಕೆಯಲ್ಲಿ ತಿಕ್ಕಿದರೆ ಹಸಿರು ಕಾಳು ಉದುರುತ್ತದೆ. ಶೇಂಗಾ ಚಟ್ನಿ, ಬೆಲ್ಲ, ಮೊಸರಿನ ಜೊತೆ ಅಲ್ಲೇ ಕೂತು ತಿನ್ನಬೇಕು. ಹಾದು ಹೋಗುವವರನ್ನೆಲ್ಲ ಕರೆಯುವುದು ನಮ್ಮ ಕಡೆಯ ಪದ್ಧತಿ. ರಾಚವ್ವ ಇಡೀ ಬಸ್ಸನ್ನು ಕರೆದಳು. ತಿಂದಾದ ಮೇಲೆ ಮುಂಬಯಿಯ ಗೃಹಸ್ಥರೊಬ್ಬರು ಪಾಕೀಟು ತೆಗೆದರು.

“ಒಳಗ ಇಡ್ರಿ ಅದನ್ನ. ಸೀತನಿಗೆ ರೊಕ್ಕ ಇಸಕೊಳ್ಳೂದಿಲ್ಲ ನಾವು.”

ಅವರು ಪೇಚಾಡಿ, ಕೂತಿದ್ದ ಕಂಬಳಿಯನ್ನಾದರೂ ಮಾರುವಿರಾ ಎಂದು ಕೇಳಿದರು. ಅವಳು ಅದರ ಅಂಚು ಎತ್ತಿ ನೋಡಿದಳು. “ಇದು ಹಳೇದೈತಿ. ಹೊಸಾದು ತರಸ್ತೀನಿ, ಕೂಡ್ರಿ.”

ಊರಲ್ಲಿದ್ದ ಕಂಬಳಿಗಳೆಲ್ಲ ಆ ಬಸ್ಸಿನಲ್ಲಿ ಹೋದವು.

ಅಲ್ಲಿಂದ ಅವಳ ಕಾಯಿದೆ ಶುರುವಾಯಿತು. ಸೀತನಿ ಪುಕ್ಕಟೆ, ಕಂಬಳಿಗೆ ನ್ಯಾಯದ ಬೆಲೆ, ಎರಡೂ ಘೋಣಸಗಿಯ ನೆಲದ ಮೇಲೆಯೇ. ಹೊಲದ ಒಂದು ಮೂಲೆಯ ತೆನೆ ಮಾತ್ರ ಸುಡುವುದು. ಅದು ತೀರಿದರೆ ಬಂದವರು ಮುಂದಿನ ವರ್ಷ ಬರಬೇಕು. ಗೊತ್ತಿದ್ದವರಿಗೆಲ್ಲ ನಾನು ಕಾಗದ ಬರೆದೆ. ವಿಜಾಪುರದ ಜೀಪುಗಳು ಜನರನ್ನು ಕರೆತಂದವು. ಮೂರನೇ ಚಳಿಗಾಲಕ್ಕೆ ಹನ್ನೊಂದೂ ಮಗ್ಗ ನಡೆದವು. ಪ್ರತಿವರ್ಷ ಕಬ್ಬು ಕಡಿಯಲು ಹೋಗುತ್ತಿದ್ದ ನೇಕಾರ ಅಮೋಘಿ ಆ ವರ್ಷ ಊರಲ್ಲೇ ಉಳಿದ.

ಎಪ್ಪತ್ತೆಂಟರ ಡಿಸೆಂಬರಿನಲ್ಲಿ ಬಸಗೊಂಡಪ್ಪ ಬಂದರು. ವಿಜಾಪುರದಲ್ಲಿ ಅವರದೊಂದು ವಸತಿಗೃಹ, ಜೀಪುಗಳೂ ಅವರವೇ.

“ಜನಾ ಯಾಕ ಧೂಳು ಕುಡಕೋತ ಇಲ್ಲಿತನಾ ಬರಬೇಕು ರಾಚವ್ವ? ತೆನಿ ಕಳಸು, ನಮ್ಮ ಅಂಗಳದಾಗ ಸುಡೂಣು. ಕಂಬಳಿನೂ ಅಲ್ಲೇ ಮಾರೂಣು.”

“ಮತ್ತ ಊರು?”

“ಊರೇನು?”

“ಅದನ್ನೂ ಹೇರಕೊಂಡು ಹೋಗ್ರಿ ಹಂಗಾರ.”

“ನಾಳಿಂದ ಜೀಪ ಬರೂದಿಲ್ಲ ನೋಡು.”

“ಜೀಪ ನಿಮ್ಮದೈತ್ರಿ. ರಸ್ತಾ ಸರಕಾರದ್ದೈತಿ.”

ಒಂಬತ್ತು ದಿನ ಯಾರೂ ಬರಲಿಲ್ಲ. ಕಾಳಿನ ಹಾಲು ಗಟ್ಟಿಯಾಗತೊಡಗಿತು. ಇನ್ನೊಂದು ವಾರ ಕಳೆದರೆ ಸೀತನಿಗೆ ಬರುತ್ತಿರಲಿಲ್ಲ. ಅಮೋಘಿ ಮತ್ತೆ ಕಬ್ಬಿನ ಸೀಮೆಗೆ ಹೊರಡುವ ಮಾತಾಡಿದ. “ಒಪ್ಪಿಕೋ ಲೇ, ಮಗ್ಗಾರ ಉಳೀತಾವ” ಎಂದ ಧೂಳಪ್ಪ.

“ಇವತ್ತ ತೆನಿ ಕೇಳ್ಯಾನ, ನಾಳೆ ಮಗ್ಗ ಕೇಳ್ತಾನ. ಆಮ್ಯಾಲ ನಿಮ್ಮನ್ನ ಅಂಗಳದಾಗ ಕುಂದರಿಸಿ, ನೋಡ್ರಿ ಹಿಂಗ ನೇಯ್ತಾರ ಅಂತ ತೋರಸ್ತಾನ. ಹೋಗತೀರೇನು?”

ಮರುದಿನ ಬೆಳಗ್ಗೆ ಕರಿಕಂಬಳಿ ಹೆಗಲಿಗೆ ಹಾಕಿಕೊಂಡು ವಿಜಾಪುರಕ್ಕೆ ಹೊರಟಳು. ನಾನೂ ರಜೆ ಹಾಕಿ ಹೋದೆ. ಗುಮ್ಮಟದ ಮುಂದಿನ ರಸ್ತೆಯಲ್ಲಿ ನಿಂತು, ಸೀತನಿ ತಿನ್ನಲು ಬನ್ನಿ, ಹನ್ನೊಂದರ ತಿಕೋಟಾ ಬಸ್ಸಿಗೆ ಬನ್ನಿ ಎಂದು ಕನ್ನಡದಲ್ಲಿ, ಮರಾಠಿಯಲ್ಲಿ, ಮುರುಕು ಹಿಂದಿಯಲ್ಲಿ ಕರೆಯತೊಡಗಿದಳು. ನನಗೆ ನಾಚಿಕೆಯಾಗಿ ದೂರ ನಿಂತೆ. ಪೊಲೀಸನೊಬ್ಬ ಬಂದ.

“ಏನ್ ಬೇ, ಲೈಸೆನ್ಸ್ ಐತೇನು?”

“ಉಣ್ಣಾಕ ಕರಿಯಾಕ ಲೈಸೆನ್ಸ್ ಬೇಕೇನೋ ಯಪ್ಪಾ? ನಿನ್ನ ಮದವಿಗಿ ತಗೊಂಡಿದ್ದೇನು?”

ಅವನು ನಕ್ಕು ಹೋದ. ಏಳು ಜನ ಬಸ್ಸು ಹತ್ತಿದರು.

“ಬೀಗರನ್ನ ಕರಕೊಂಡು ಹೊಂಟೀಯೇನು ರಾಚವ್ವ?” ಎಂದ ಕಂಡಕ್ಟರ್ ಭಾಗಪ್ಪ.

“ಹೂಂ. ಹೊಲದ ಮುಂದ ನಿಲ್ಲಸು, ನಿನಗೂ ಒಂದು ಹಿಡಿ ಐತಿ.”

ಮರುದಿನ ಹದಿನಾರು ಜನ. ಆ ವರ್ಷವೂ, ಆಮೇಲಿನ ಪ್ರತಿ ವರ್ಷವೂ ಆ ಮೂಲೆಯ ತೆನೆ ತೀರುವವರೆಗೆ ದಿನವೂ ಹೋದಳು. ಅಮೋಘಿ ಎಲ್ಲಿಗೂ ಹೋಗಲಿಲ್ಲ.

ಈ ವರ್ಷ, ಎಳ್ಳಮಾವಾಸ್ಯೆಗೆ ತಿಂಗಳ ಮುಂಚಿನ ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಅವಳಿಗೆ ಜ್ವರ ಬಂತು. ಮೂರನೇ ದಿನ ನಾನು ಹೋಗುವಷ್ಟರಲ್ಲಿ ಮಾತು ನಿಂತಿತ್ತು. ಕೈ ಹಿಡಿದುಕೊಂಡೆ. ಬಿಸಿ ತೆನೆ ತಿಕ್ಕಿದ ಆ ಅಂಗೈಯ ಒರಟು ಇನ್ನೂ ನನ್ನ ಕೈಗೆ ಗೊತ್ತಾಗುತ್ತದೆ. ಎರಡನೇ ದಿನವೇ ಹೋಗಬೇಕಿತ್ತು.

ಮೊನ್ನೆ ಬಸಗೊಂಡಪ್ಪ ಧೂಳಪ್ಪನನ್ನು ಮಾತಾಡಿಸಲು ಬಂದಿದ್ದರು. ಚಹಾ ಕುಡಿದು, ನೇಕಾರರ ಎದುರೇ ಕೇಳಿದರು: “ಇನ್ನ ಕರಿಯಾವರು ಯಾರದಾರಪಾ? ಹಟಾ ಮಾಡಾಕಿ ಹೋದಳು. ತೆನಿ ಕಳಸ್ರಿ.”

ಹೆಂಡತಿಗೆ ಒಪ್ಪಿಕೋ ಎಂದಿದ್ದ ಧೂಳಪ್ಪನೇ ಉತ್ತರ ಕೊಟ್ಟ.

“ಸೋಮವಾರ ಸೀತನಿ ಐತ್ರಿ ಸಾವ್ಕಾರ್ರ. ತಿನ್ನಾಕ ಇಲ್ಲಿಗೇ ಬರ್ರಿ.”

ನಾಳೆ ಸೋಮವಾರ. ಧೂಳಪ್ಪನಿಗೆ ಮರಾಠಿ ಬಾರದು, ಅಮೋಘಿಗೆ ಜನರೆದುರು ಬಾಯಿ ಏಳುವುದಿಲ್ಲ. ಗುಮ್ಮಟದ ಮುಂದೆ ನಿಂತು ನಾನೇ ಕೂಗುತ್ತೇನೆ.