ಹೊಂಬಾಳಮ್ಮ ಕಲಿತ ಕಾರ್ಖಾನೆಯ ಇಂಗ್ಲಿಷು

ರಿಜಿಸ್ಟರ್ ಪೋಸ್ಟಿನಲ್ಲಿ ಬಂದ ಕಾಗದವನ್ನು ಹೊಂಬಾಳಮ್ಮ ಹಾಲಿನ ಡೇರಿಗೆ ತೆಗೆದುಕೊಂಡು ಹೋದದ್ದೇ ತಪ್ಪಾಯಿತು. ಕಾಗದ ಅವಳ ಕಾರ್ಖಾನೆಯಿಂದ ಬಂದದ್ದು, ಇಂಗ್ಲಿಷಿನಲ್ಲಿತ್ತು. ಓದಿ ಹೇಳುತ್ತಾನಲ್ಲ ಎಂದು ಡೇರಿಯ ಕಾರ್ಯದರ್ಶಿ ಲಿಂಗಯ್ಯನ ಕೈಗೆ ಕೊಟ್ಟಳು. ಹತ್ತು ಹನ್ನೆರಡು ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದರು. ಅವನು ಗಟ್ಟಿಯಾಗಿ ಓದುತ್ತಾ ಹೋಗಿ ಒಂದು ಪದದ ಹತ್ತಿರ ತಡವರಿಸಿದ, ಮೊಬೈಲಿನಲ್ಲಿ ಅರ್ಥ ಹುಡುಕಿದ.

“ಅಬ್ಸ್ಕಾಂಡಿಂಗ್ ಅಂತ ಬರ್ದವ್ರೆ ಕಣಮ್ಮ. ಅಂದ್ರೆ, ತಲೆ ಮರೆಸ್ಕೊಂಡು ಓಡೋಗಿರೋಳು ಅಂತ.”

“ಯಾರ್ ಜೊತೆ ಅಂತ ಬರ್ದಿಲ್ವಾ?” ಎಂದಿತು ಸಾಲಿನ ಹಿಂದಿನಿಂದ ಒಂದು ದನಿ. ಎಲ್ಲರೂ ನಕ್ಕರು. ಹೊಂಬಾಳಮ್ಮ ಕಾಗದ ಕಿತ್ತುಕೊಂಡು, ಹಾಲು ಹಾಕುವುದನ್ನೂ ಮರೆತು ಮನೆಗೆ ಬಂದಳು.

ಸೋಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಅವಳು ಒಂಬತ್ತು ವರ್ಷ ನಾಲ್ಕು ತಿಂಗಳಿಂದ ಶರ್ಟಿಗೆ ಕಾಲರ್ ಹೊಲಿಯುತ್ತಿದ್ದಳು. ಓದಿದ್ದು ಏಳನೇ ಕ್ಲಾಸು. ತಾಯಿ ಮಂಗಳಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಮಂಡ್ಯದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಜೊತೆಗಿದ್ದಳು. ಮೊದಲ ದಿನವೇ ಸೂಪರ್‌ವೈಸರನಿಗೆ ಫೋನು ಮಾಡಿ ಹೇಳಿದ್ದಳು. ಅವನು ಅದನ್ನು ಮೇಲಿನವರಿಗೆ ತಿಳಿಸಿರಲಿಲ್ಲ, ಅಷ್ಟೇ.

ಮರುದಿನ ಅವಳು ಮಿಷನ್ನಿನ ಕಡೆ ಹೋಗದೆ ನೇರವಾಗಿ ಎಚ್ಚಾರ್ ರೂಮಿಗೆ ಹೋದಳು. ಆಫೀಸರ್ ಯತೀಶ್ ಮಳವಳ್ಳಿಯ ಕಡೆಯವನು, ಮೂವತ್ತು ದಾಟಿರಲಿಲ್ಲ.

“ನಾನು ನಮ್ಮವ್ವನ ಮಂಚದ ಕೆಳ್ಗೆ ಮಲಗಿದ್ದೆ ಸಾರ್. ನೀವು ಓಡೋದ್ಲು ಅಂತ ಊರ್ಗೇ ಕಾಗ್ದ ಕಳ್ಸಿದ್ದೀರಲ್ಲಾ!”

“ಅದು ಬರೀ ಫಾರ್ಮ್ಯಾಟು ಕಣಮ್ಮ. ಹತ್ತು ದಿನ ಬರದೇ ಇದ್ರೆ ಕಂಪ್ಯೂಟರ್ರೇ ಆ ಪದ ಹಾಕುತ್ತೆ. ಮನಸ್ಸಿಗೆ ಹಚ್ಕೋಬೇಡಿ. ಇಲ್ಲೊಂದು ಸೈನ್ ಮಾಡಿ, ಕೆಲಸ ಶುರು ಮಾಡಿ.”

ಕೆಲಸ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಸಹಿ ಹಾಕಿದಳು.

ಆ ಸಹಿ ಏನು ಮಾಡಿತ್ತು ಎಂದು ತಿಳಿದದ್ದು ಎಂಟು ತಿಂಗಳ ಮೇಲೆ. ಹತ್ತು ವರ್ಷ ಪೂರೈಸಿದವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಅವಳ ಜೊತೆಗೇ ಸೇರಿದ್ದ ಯಶೋದಮ್ಮನ ಹೆಸರಿತ್ತು, ಅವಳದಿರಲಿಲ್ಲ. ಕೇಳಿದರೆ ಯತೀಶ್ ಫೈಲು ತಿರುವಿ ಹೇಳಿದ: “ಹಳೇ ಸರ್ವಿಸ್ ಅಬ್ಸ್ಕಾಂಡಿಂಗ್ ಅಂತ ಕ್ಲೋಸ್ ಆಗಿದೆ. ಈಗ ನಿಮ್ಮದು ಫ್ರೆಶ್ ಜಾಯ್ನಿಂಗು. ನೀವೇ ಒಪ್ಪಿ ಸೈನ್ ಮಾಡಿದ್ದೀರಿ.”

ಫ್ರೆಶ್ಶು! ಹೆಬ್ಬೆರಳಿಗೆ ಎರಡು ಸಲ ಸೂಜಿ ನಾಟಿಸಿಕೊಂಡವಳು, ಆ ಲೈನಿನ ಅರ್ಧ ಹೆಂಗಸರಿಗೆ ಕಾಲರ್ ತಿರುವುವುದನ್ನು ಹೇಳಿಕೊಟ್ಟವಳು, ಈಗ ಹೊಸಬಳು.

ಆ ಭಾನುವಾರ ಅವಳು ಮದ್ದೂರಿಗೆ ಹೋದಳು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ತಿರುಮಲಮ್ಮ ಇದ್ದರು, ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿ ನಿವೃತ್ತರಾದವರು. ಅವರ ರವಿಕೆಗಳನ್ನು ವರ್ಷಗಳಿಂದ ಹೊಂಬಾಳಮ್ಮನೇ ಹೊಲಿಯುತ್ತಿದ್ದಳು.

“ಇಂಗ್ಲೀಸು ಕಲ್ಸಿ ಮೇಡಂ.”

“ಮಾತಾಡೋದಕ್ಕಾ?”

“ಮಾತ್ಗೀತು ಬ್ಯಾಡ ಬುಡಿ. ಆ ಎಚ್ಚಾರ್ ರೂಮಿಂದ ಈಚ್ಗೆ ಬತ್ತವಲ್ಲ, ಆ ಪದಗೋಳು ಮಾತ್ರ.”

ಕಲಿಕೆ ಶುರುವಾಯಿತು. ನೋಟಿಸ್ ಬೋರ್ಡಿನ ಪದಗಳನ್ನು ಅವಳು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬರುತ್ತಿದ್ದಳು. ಕೆಲವು ತಿರುಮಲಮ್ಮನವರಿಗೂ ಹೊಸವು. ಇಬ್ಬರೂ ಕನ್ನಡಕ ಹಾಕಿಕೊಂಡು ನಿಘಂಟಿನ ಮೇಲೆ ಬಗ್ಗುತ್ತಿದ್ದರು. ಕೆಲಸ ಬಿಡುವವರಿಗೆ ಕೊಡುವ ರಿಲೀವಿಂಗ್ ಲೆಟರ್ ಅಂದರೆ ನೋವಿನ ಮುಲಾಮಿಗೆ ಸಂಬಂಧಪಟ್ಟದ್ದು ಎಂದುಕೊಂಡಿದ್ದಳು ಹೊಂಬಾಳಮ್ಮ, ಟಿವಿಯ ಜಾಹೀರಾತು ನೋಡಿ. ಪ್ರೊಬೇಷನ್ನಿಗೆ ಅವಳೇ ಅರ್ಥ ಬರೆದುಕೊಂಡಳು: ಇಟ್ಕೊಳ್ಳೋದೋ ಕಳಿಸೋದೋ ಅಂತ ನೋಡೋ ಕಾಲ. ರಿಡಂಡೆಂಟ್ ಎಂಬ ಪದ ಬಂದ ದಿನ ತಿರುಮಲಮ್ಮನವರಿಗೇ ಸಿಟ್ಟು ಬಂತು. “ಹೆಚ್ಚಾದ ಸಾಮಾನಿಗೆ ಹೇಳೋ ಮಾತು. ಮನುಷ್ಯರಿಗೆ ಹೇಳ್ತಾರಾ ಇದನ್ನ?”

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಸಿಕ್ಕಿದ್ದು ‘ಕಂಟಿನ್ಯುಯಿಟಿ ಆಫ್ ಸರ್ವಿಸ್’.

“ಅಂದ್ರೆ, ಎಲ್ಲೂ ತುಂಡಾಗ್ದೆ ಬಂದಿರೋ ಕೆಲ್ಸವಾ?” ಹೊಂಬಾಳಮ್ಮ ಎದ್ದೇ ನಿಂತಳು. “ಮೇಡಂ, ನಂದು ಅದೇಯಾ!”

ಅರ್ಜಿ ಬರೆದುಕೊಡುತ್ತೇನೆ ಎಂದರು ತಿರುಮಲಮ್ಮ. ಅವಳು ಒಪ್ಪಲಿಲ್ಲ. ನಾಲ್ಕೇ ಸಾಲು, ಅದಕ್ಕೆ ಮೂರು ಭಾನುವಾರ ಹಿಡಿಯಿತು. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವನ್ನು ಜೊತೆಗಿಟ್ಟು ಯತೀಶನ ಮೇಜಿನ ಮೇಲೆ ಇಟ್ಟಳು.

“ಯಾರು ಬರೆದುಕೊಟ್ಟಿದ್ದು?” ಅಂದ ಅವನು.

“ನಾನೇಯಾ. ಸ್ಪೆಲ್ಲಿಂಗ್ ತಪ್ಪಿದ್ರೆ ಏಳಿ, ತಿದ್ಕೊಡ್ತೀನಿ.”

“ಆಯ್ತು, ಇಟ್ಟು ಹೋಗಿ. ನೋಡೋಣ.”

“ನೋಡೋರಂತೆ. ಮೊದ್ಲು ಅಕ್ನಾಲೆಜ್ಮೆಂಟು ಕೊಡಿ ಸಾರ್. ಈ ಕಾಪಿ ಮ್ಯಾಲೆ ಸೀಲು, ತಾರೀಕು.”

ಯತೀಶ್ ತಲೆ ಎತ್ತಿ ಅವಳನ್ನೇ ನೋಡಿದ. ನಂತರ ಡ್ರಾಯರಿನಿಂದ ಸೀಲು ತೆಗೆದ.

ಹೆಡ್ಡಾಫೀಸು ಮೊದಲು ಆಗುವುದಿಲ್ಲ ಎಂದಿತು. ಅವಳು ಸೀಲು ಬಿದ್ದ ಕಾಪಿ ಹಿಡಿದು ಮಂಡ್ಯದ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದಳು. ಎರಡು ಸಲ ಎರಡೂ ಕಡೆಯವರನ್ನು ಕರೆಸಿದರು. ಎರಡನೇ ಸಲ ಸೂಪರ್‌ವೈಸರ್ ತಲೆ ತಗ್ಗಿಸಿ, “ಫೋನ್ ಮಾಡಿದ್ದು ನಿಜ, ನಾನೇ ಹೇಳೋದು ಮರ್ತೆ” ಅಂದ. ಅವನನ್ನು ಹಾಗೆ ಹೇಳಲು ಒಪ್ಪಿಸಿದ್ದು ಯತೀಶ್ ಎಂದು ಆಮೇಲೆ ಗೊತ್ತಾಯಿತು.

ಉತ್ತರ ಬಂದ ದಿನ ಯತೀಶ್ ತಾನೇ ಲೈನಿಗೆ ಬಂದು ಕವರು ಕೊಟ್ಟ. ಅರ್ಥ ಹೇಳಲು ಬಾಯಿ ತೆರೆದವನನ್ನು ಅವಳು ಕೈ ಎತ್ತಿ ನಿಲ್ಲಿಸಿದಳು. ಪಕ್ಕದ ಮಿಷನ್ನು ನಿಂತಿತು, ಅದರಾಚೆಯದು ನಿಂತಿತು. ಹೊಂಬಾಳಮ್ಮ ಒಂದೊಂದೇ ಪದವನ್ನು ಬಿಡಿಸಿ ಇಂಗ್ಲಿಷಿನಲ್ಲಿ ಓದಿದಳು. ಆಮೇಲೆ ಕನ್ನಡದಲ್ಲಿ ಹೇಳಿದಳು.

“ವಿತ್‌ಡ್ರಾನ್ ಅಂದ್ರೆ, ಆಡಿದ್ ಮಾತ ವಾಪಸ್ ತಕೊಂಡವ್ರೆ. ಆ ಅನ್ನೊಂದ್ ದಿನ ಆತರೈಸ್ಡ್ ಲೀವು, ಅಂದ್ರೆ ಅವ್ರೇ ಒಪ್ಪಿರೋ ರಜ. ನನ್ ಸರ್ವಿಸ್ಸು ಮೊದಲ್ನೇ ದಿನದಿಂದ್ಲೂ ಐತೆ.”

ಯಶೋದಮ್ಮ ಕತ್ತರಿ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ಮಿಕ್ಕವರೂ ತಟ್ಟಿದರು. ಹೊಂಬಾಳಮ್ಮನಿಗೆ ಎದೆ ತುಂಬಿ ಬಂತು. ಕಣ್ಣಲ್ಲಿ ನೀರು ಬರಲಿಲ್ಲ, ಬೆನ್ನು ಮಾತ್ರ ನೆಟ್ಟಗಾಯಿತು. ಸಂಜೆ ಗಂಡ ಶಿವರಾಜು ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ತಂದ.

ಈಗ ಹೊಸಬರು ಸೇರುವ ದಿನ ಯತೀಶ್ ಅವಳನ್ನು ಅರ್ಧ ಗಂಟೆ ಮಿಷನ್ನಿನಿಂದ ಬಿಡಿಸಿಕೊಳ್ಳುತ್ತಾನೆ. ಅವಳು ಎಲ್ಲರ ಮುಂದೆ ನಿಂತು ಅಪಾಯಿಂಟ್‌ಮೆಂಟ್ ಕಾಗದದ ಒಂದೊಂದು ಪದಕ್ಕೂ ಅರ್ಥ ಹೇಳುತ್ತಾಳೆ. ಹೇಳಿ ಮುಗಿಯುವವರೆಗೆ ಯಾರೂ ಸಹಿ ಹಾಕುವ ಹಾಗಿಲ್ಲ.

ಹೋದ ತಿಂಗಳು ಅರ್ಪಿತ ಎಂಬ ಹುಡುಗಿ ಕೈ ಎತ್ತಿದಳು. “ಅಕ್ಕ, ಮೂರ್ನೇ ಪೇಜಲ್ಲಿ ‘ಅದರ್ ಡ್ಯೂಟೀಸ್’ ಅಂತ ಐತಲ್ಲ, ಅದ್ರಲ್ಲಿ ಏನೇನ್ ಬತ್ತದೆ?”

ಹೊಂಬಾಳಮ್ಮ ಯೋಚಿಸಿದಳು. ಪದದ ಅರ್ಥ ಗೊತ್ತಿತ್ತು, ಪಟ್ಟಿ ಗೊತ್ತಿರಲಿಲ್ಲ.

“ಒಳ್ಳೆ ಪ್ರಶ್ನೆ ಕಣವ್ವ,” ಎಂದು ಪಕ್ಕಕ್ಕೆ ತಿರುಗಿದಳು. “ನೀವೇ ಏಳಿ ಸಾರ್, ಏನೇನ್ ಬತ್ತದೆ ಅಂತ.”

ಯತೀಶ್ ನಕ್ಕು, ಒಂದು ಕುರ್ಚಿ ಎಳೆದುಕೊಂಡು ಕೂತ. ಇಪ್ಪತ್ತಾರು ಮಂದಿ ಪೆನ್ನಿನ ಮುಚ್ಚಳ ತೆಗೆಯದೆ ಅವನ ಉತ್ತರಕ್ಕೆ ಕಾದರು.