ಭಾವ ಎಂದರೆ ಗಂಡ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕುಂದಾಪುರದಲ್ಲಿ ನಮ್ಮ ಕೇರಿಗೆಲ್ಲ ಗೊತ್ತಿತ್ತು. ಲಂಡನ್ನಿನ ಇಮಿಗ್ರೇಷನ್‌ನವರಿಗೆ ಗೊತ್ತಿರಲಿಲ್ಲ, ಅಷ್ಟೆ.

ತೊಂಬತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಗಂಡನ ಬಳಿಗೆ ಬಂದಿಳಿದಿದ್ದೆ. ಅವರು ಲಂಡನ್ನಿನ ಟೂಟಿಂಗ್ ಎಂಬ ಬಡಾವಣೆಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ವೀಸಾ ಸರಿಯಾಗೇ ಇತ್ತು. ಆದರೂ ಕೌಂಟರಿನ ಅಧಿಕಾರಿ ನನ್ನನ್ನು ಪಕ್ಕದ ಕೋಣೆಗೆ ಕಳಿಸಿದ. ನನ್ನ ಇಂಗ್ಲಿಷ್ ಅವನಿಗೆ ತಿಳಿಯದು, ಅವನದು ನನಗೆ ತಿಳಿಯದು. ಕನ್ನಡದವರು ಬೇಕು ಎಂದರೆ ಒಬ್ಬ ಮರಾಠಿ ಹೆಂಗಸನ್ನು ತಂದು ಕೂರಿಸಿದರು. ಮುಂಬೈಯಿಂದ ಹಾರಿ ಬಂದವಳಿಗೆ ಮರಾಠಿ ಸಾಕು ಎಂದುಕೊಂಡರೋ ಏನೋ.

ಹೊರಗೆ ಕಾಯುತ್ತಿರುವವರು ಯಾರು ಎಂದು ಅವಳು ಹಿಂದಿಯಲ್ಲಿ ಕೇಳಿದಳು. ಕೇಳಿದ್ದು ಅರ್ಥವಾಯಿತು, ಉತ್ತರ ಕೊಡುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ.

"ಅವ್ರ್ ನಮ್ ಭಾವ," ಎಂದೆ.

ಅವರು ನನ್ನ ಸೋದರಮಾವನ ಮಗ. ಮಾತು ಬಂದಾಗಿನಿಂದ ಭಾವ ಎಂದೇ ಕರೆದವಳು. ತಾಳಿ ಕಟ್ಟಿದ ಮಾತ್ರಕ್ಕೆ ಬೇರೆ ಏನೆಂದು ಕರೆಯಲಿ? ಮರಾಠಿಯಲ್ಲಿ ಅಣ್ಣತಮ್ಮಂದಿರನ್ನು 'ಭಾವಾ' ಎಂದು ಕೂಗುತ್ತಾರಂತೆ. ಆ ಹೆಂಗಸು ಅಧಿಕಾರಿಯ ಕಡೆ ತಿರುಗಿ "ಬ್ರದರ್" ಎಂದಳು. ಆ ಪದ ನನಗೂ ಗೊತ್ತಿತ್ತು.

"ನೋ ಬ್ರದರ್! ಹಸ್ಬೆಂಡ್!" ಎಂದು ಮೇಜು ಬಡಿದೆ.

ಮೊದಲು ಅಣ್ಣ ಎಂದವಳು ಈಗ ಗಂಡ ಎನ್ನುತ್ತಾಳೆ, ಮದುವೆಯೇ ಸುಳ್ಳು ಎಂದು ಅವನು ತೀರ್ಮಾನಿಸಿಬಿಟ್ಟ. ನನ್ನನ್ನು ಮುಂದಿನ ವಿಮಾನದಲ್ಲಿ ವಾಪಸು ಕಳಿಸುತ್ತಾರೆ ಎಂದು ತಿಳಿಸಿ, ಆ ಹೆಂಗಸು ಚೀಲ ಹೆಗಲಿಗೇರಿಸಿಕೊಂಡು ಹೊರಟೇಹೋದಳು.

ಇಬ್ಬರು ಕಾವಲಿನವರು ಬಂದರು. ನಾನು ಕುರ್ಚಿಯ ಕಾಲಿಗೆ ಕಾಲು ಸುತ್ತಿ ಕುಳಿತೆ. ಕುರ್ಚಿ ಸಮೇತ ಕೆಡವಿದರು. ಒಬ್ಬ ಬೆನ್ನ ಮೇಲೆ ಮಂಡಿಯೂರಿದ. ಮುಖ ನೆಲಕ್ಕೆ ಅಪ್ಪಳಿಸಿ ತುಟಿ ಸೀಳಿತು. ಇನ್ನೊಬ್ಬ ಕೈಗಳನ್ನು ಹಿಂದಕ್ಕೆ ತಿರುಚಿದಾಗ ಗಾಜಿನ ಬಳೆಗಳು ಒಡೆದು ಮಣಿಕಟ್ಟಿಗೆ ಚುಚ್ಚಿಕೊಂಡವು. ಉಸಿರು ಕಟ್ಟಿತು. ಸಾಯುತ್ತೇನೆಂದು ಹೆದರಿದ್ದು ನಿಜ, ಆದರೆ ಹೆದರಿಕೆಗಿಂತ ರೋಷವೇ ಹೆಚ್ಚಿತ್ತು. ಬಾಯಿಯ ಹತ್ತಿರ ಒಂದು ಕೈ ಬಂತು. ಕಚ್ಚಿದೆ. ಅವನು ಅರಚಿಕೊಂಡರೂ ಬಿಡಲಿಲ್ಲ. ತಲೆಗೆ ಗುದ್ದು ಬಿದ್ದ ಮೇಲೆಯೇ ಬಾಯಿ ಬಿಟ್ಟದ್ದು. ಇದನ್ನು ಹೇಳಿದರೆ ನನ್ನ ಮಕ್ಕಳು "ಅಮ್ಮಾ, ಯು ಬಿಟ್ ಹಿಮ್?" ಎಂದು ನಗುತ್ತಾರೆ. ನಗಲಿ. ನನಗೆ ಇವತ್ತಿಗೂ ನಗು ಬರುವುದಿಲ್ಲ.

ಗಲಾಟೆ ಕೇಳಿ ಹಿರಿಯ ಅಧಿಕಾರಿಯೊಬ್ಬ ಓಡಿ ಬಂದ. ಹೊರಗಿದ್ದ ನಮ್ಮವರನ್ನು ಕರೆಸಿದ. ಅವರು ಮದುವೆಯ ಫೋಟೋ ತೋರಿಸಿ, ಹೋಟೆಲಿನಲ್ಲಿ ಕಲಿತ ಇಂಗ್ಲಿಷಿನಲ್ಲಿ "ಕಸಿನ್, ಸರ್" ಎಂದರು. ಕಸಿನ್ ಎಂದರೆ ಆ ದೇಶದಲ್ಲೂ ಮದುವೆಯಾಗಬಹುದು. ಸಂಬಂಧದ ತಕರಾರು ಅಲ್ಲಿಗೆ ಮುಗಿಯಿತು. ಆದರೆ ಕಚ್ಚಿಸಿಕೊಂಡವನು ಪೊಲೀಸರಿಗೆ ದೂರು ಕೊಟ್ಟರೆ ಇವಳು ಒಳಗೆ ಬರುವ ಹಾಗಿಲ್ಲ ಎಂದ ಹಿರಿಯ.

ನಮ್ಮವರು ನನ್ನ ತುಟಿ ನೋಡಿದರು, ಕೈ ನೋಡಿದರು. ಆಮೇಲೆ ಆ ಕಾವಲಿನವನ ಮುಂದೆ ಹೋಗಿ, ಎರಡೂ ಕೈ ಜೋಡಿಸಿ, ಸೊಂಟ ಬಗ್ಗಿಸಿ, "ಸಾರಿ ಸರ್, ವೆರಿ ಸಾರಿ ಸರ್" ಎಂದರು. ಅವನು ಇನ್ನೊಮ್ಮೆ ಹೇಳು ಎಂದ. ಇವರು ಹೇಳಿದರು. ನನ್ನ ಪಾಸ್‌ಪೋರ್ಟಿಗೆ ಸೀಲು ಬಿತ್ತು.

ಕಾರು ನಿಲ್ಲಿಸುವ ಜಾಗಕ್ಕೆ ನಡೆದೆವು. ಹೋಟೆಲಿನ ವ್ಯಾನಿನ ಪಕ್ಕ ಅವರು ನನ್ನ ಸೂಟ್‌ಕೇಸ್ ಕೆಳಗಿಟ್ಟ ಕೂಡಲೇ ಕೆನ್ನೆಗೆ ಬಾರಿಸಿದೆ. ನನ್ನ ಕೈಯ ರಕ್ತ ಅವರ ಮುಖಕ್ಕೆ ಹತ್ತಿತು.

"ಗಂಡ್ಸಾ ನೀವ್? ನನ್ನ ಸಾಯ್ಸುಕ್ ಹೊರ್ಟವ್ನಿಗೆ ಕೈ ಮುಗ್ದ್ರಿ ಅಲ್ದಾ!"

ಅವರು ಮುಖ ಒರೆಸಿಕೊಳ್ಳಲಿಲ್ಲ.

"ನಾನ್ ಅಲ್ಲ್ ಕೈ ಎತ್ತಿದ್ರೆ ನಿನ್ನ ವಾಪಸ್ ಕಳ್ಸಿಯೇ ಬಿಡ್ತಿದ್ರ್. ಇಲ್ಲ್ ಹೊಡಿ, ಅಡ್ಡಿಲ್ಲೆ."

ಇನ್ನೊಂದು ಬಾರಿಸಿದೆ. ಆಮೇಲೆ ಅವರ ಅಂಗಿ ಹಿಡಿದುಕೊಂಡು ದೊಡ್ಡ ದನಿಯಲ್ಲಿ ಅತ್ತುಬಿಟ್ಟೆ.