ಭಾಮಾ ಅವರ ಹಗುರ ಪುಟಗಳು

ಬೆಳಗಿನ ಐದೂವರೆ. ಕೊಯಮತ್ತೂರಿನ ಪೋತ್ತನೂರು ಜಂಕ್ಷನ್ನಿನಿಂದ ಗಾಡಿಯೊಂದು ಕೂಗಿ ಹೊರಡುವ ಹೊತ್ತಿಗೆ ಭಾಮಾ ಅಡುಗೆಮನೆಯ ಕಿಟಕಿ ಪಕ್ಕ ಕೂತು ಟೈಪ್ ಮಾಡುತ್ತಿದ್ದಾರೆ. ಶೆಲ್ಫಿನಲ್ಲಿ ಕಾಫಿಪುಡಿ ಡಬ್ಬಿಯ ಮಗ್ಗುಲಿಗೆ ಸೋಪಿನ ಪೆಟ್ಟಿಗೆಯಷ್ಟೇ ಇರುವ ಒಂದು ಕಂಪ್ಯೂಟರ್. ಅದೇ ಅವರ ಸರ್ವರ್. ನಿನ್ನೆ ಎಲ್ಲೆಲ್ಲಿ ಮಳೆಯಾಯಿತು, ಗಾಂಧಿಪುರಂನಿಂದ ಹೊರಡುವ ಯಾವ ಬಸ್ಸಿನ ಸಮಯ ಬದಲಾಗಿದೆ, ಕೊನೆಗೆ ಮನೆಮಾತಿನಲ್ಲಿ ಒಂದು ಹಳೆಯ ಸಂಗತಿ. ಹಾಲು ಕಾಯುವುದರೊಳಗೆ ಇವತ್ತಿನ ಪುಟ ಸಿದ್ಧ.

ಅರವತ್ತೊಂದರ ಭಾಮಾ ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದವರು. ಅವರ ಪುಟ ನಾವು ದಿನಾ ನೋಡುವ ವೆಬ್ಬಿನಲ್ಲಿ ಸಿಗುವುದಿಲ್ಲ. ಜೆಮಿನಿ ಎಂಬ ಬೇರೊಂದು ಪ್ರೊಟೊಕಾಲ್ ಇದೆ, ಇಂಟರ್‌ನೆಟ್ಟಿನ ಕಾಲುದಾರಿ ಅನ್ನಿ. ಅಲ್ಲಿ ಬರೀ ಅಕ್ಷರ ಮತ್ತು ಲಿಂಕು, ಜಾಹೀರಾತಿನ ಸುಳಿವಿಲ್ಲ. ಸಿಗ್ನಲ್ ಒಂದೇ ಗೆರೆ ಇದ್ದರೂ ಪುಟ ತೆರೆಯುತ್ತದೆ.

ದಿನಕ್ಕೆ ಸುಮಾರು ಇನ್ನೂರು ಜನ ಓದುತ್ತಾರೆ. ಹೆಚ್ಚಿನವರು ಕೊಯಮತ್ತೂರು, ತಿರುಪ್ಪೂರು ಕಡೆಯ ಕನ್ನಡದ ಮನೆಯವರು. ಮಾತು ಕನ್ನಡವಾದರೂ ಓದಲು ಬರುವುದು ತಮಿಳು ಅಕ್ಷರ. ಹಾಗಾಗಿ ಭಾಮಾ ಕನ್ನಡವನ್ನು ತಮಿಳು ಲಿಪಿಯಲ್ಲೇ ಬರೆಯುತ್ತಾರೆ.

"ಮೊದಮೊದಲು ಬಾವೀಲಿ ನೀರಿದೆ ಅಂತ ಬರೆದ್ರೆ ಪಾವೀಲಿ ನೀರಿದೆ ಅಂತ ಓದೋರು. ತಮಿಳಲ್ಲಿ ಪಾವಿ ಅಂದ್ರೆ ಪಾಪಿ! ಫೋನ್ ಮಾಡಿ ನಕ್ಕಿದ್ದೇ ನಕ್ಕಿದ್ದು."

ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಭಾಮಾ ಎರಡು ವರ್ಷ ಕೂತು ಫೋನಿಗೆ ತಮ್ಮದೇ ಬ್ರೌಸರ್ ಬರೆದರು. ಈಗ 'ಬ' ಬಂದ ಕಡೆ ಅಕ್ಷರದ ಕೆಳಗೊಂದು ಚುಕ್ಕಿ ಕಾಣುತ್ತದೆ.

ಹೋದ ವರ್ಷ ಐಪ್ಪಸಿ ತಿಂಗಳ, ಅಂದರೆ ಅಕ್ಟೋಬರ್-ನವೆಂಬರಿನ, ಮಳೆಯಲ್ಲಿ ಸಿಡಿಲು ಹೊಡೆದು ಸರ್ವರ್ ಸುಟ್ಟುಹೋಯಿತು. ಪ್ರತಿ ತೆಗೆದಿಟ್ಟಿದ್ದ ಡಿಸ್ಕೂ ಹೋಯಿತು. ನಾಲ್ಕು ವರ್ಷದ ಸಾವಿರದ ಮುನ್ನೂರು ಪುಟ.

"ಆಫೀಸಲ್ಲಿ ಎಲ್ಲಾರ್ಗೂ ಪಾಠ ಹೇಳ್ದೋಳು ನಾನು. ಮನೇಲಿ ಎರಡನ್ನೂ ಒಂದೇ ಪ್ಲಗ್ಗಲ್ಲಿ ಇಟ್ಟಿದ್ದೆ. ರೊಂಬ ನಾಚ್ಕೆ ಆಗೋಯ್ತು." ಒಂದು ವಾರ ಅವರು ಏನೂ ಬರೆಯಲಿಲ್ಲ. ಬಿಟ್ಟೇಬಿಡೋಣ ಅಂತಲೂ ಅನಿಸಿತಂತೆ.

ಎಂಟನೇ ದಿನ, ದಿನಾ ಪುಟ ಓದುತ್ತಿದ್ದ ಪಲ್ಲಡಂ ಹತ್ತಿರದ ರೈತ ಮಹಿಳೆ ಕಮಲಾತಾಳ್ ಎರಡು ಬಸ್ಸು ಹಿಡಿದು ಬಾಗಿಲಿಗೆ ಬಂದರು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ನೋಡಿದ್ದಿಲ್ಲ. ಆಕೆ ಫೋನ್ ಮುಂದೆ ಹಿಡಿದರು. "ಅಕ್ಕಾ, ತೋಟದಾಗೆ ಸಿಗ್ನಲ್ ಸಿಕ್ಕಲ್ಲ. ಅದ್ಕೇ ಮನೇಲೇ ಎಲ್ಲಾ ಪುಟಾನೂ ಫೋನಲ್ಲಿ ಎತ್ತಿ ಇಟ್ಕತೀನಿ. ಒಂದೂ ಅಳಿಸಿಲ್ಲ, ಪಾರುಂಗೊ, ನೀವೇ ನೋಡಿ."

ಪುಟಗಳು ಅಷ್ಟು ಹಗುರವಾದ್ದರಿಂದ ಸಾವಿರದ ನೂರು ಪುಟ ಆ ಹಳೆಯ ಫೋನಿನಲ್ಲೇ ಭದ್ರವಾಗಿದ್ದವು. ಭಾಮಾ ಅತ್ತರು, ಆಮೇಲೆ ಎಲೆ ಹಾಕಿ ಊಟ ಬಡಿಸಿದರು. ಸುದ್ದಿ ತಿಳಿದು ಇನ್ನೂ ಇಪ್ಪತ್ತಾರು ಮಂದಿ ತಮ್ಮಲ್ಲಿದ್ದದ್ದನ್ನು ಕಳಿಸಿದರು. ಹನ್ನೊಂದು ದಿನದಲ್ಲಿ ಸರ್ವರ್ ಮತ್ತೆ ಎದ್ದಿತು. ಈಗ ಅದರ ಇನ್ನೊಂದು ಪ್ರತಿ ಕಮಲಾತಾಳ್ ಮನೆಯಲ್ಲೂ ಇದೆ.

ಮೂವತ್ತೇಳು ಪುಟ ಮಾತ್ರ ಎಲ್ಲೂ ಸಿಗಲಿಲ್ಲ. ಬೇಸರವಿಲ್ಲವೇ ಎಂದರೆ ಭಾಮಾ ಕನ್ನಡಕ ಒರೆಸುತ್ತಾರೆ.

"ಅಷ್ಟು ಜನದಲ್ಲಿ ಯಾರೂ ಎತ್ತಿಟ್ಕೊಂಡಿಲ್ಲ ಅಂದ್ರೆ ನಾನು ಚೆನ್ನಾಗಿ ಬರೆದಿರಲಿಲ್ಲ ಅಂತ ತಾನೆ? ಅವನ್ನ ತಿರುಗಿ ಬರೀತಿದೀನಿ."